ಫೈರ್ ಅಂದರೆ ಬಾಯಿ ತೆಗೆ

ಮಾರ್ಚ್ 2, ಬೆಳಿಗ್ಗೆ

ಬಟ್ಟೆ ನೆನೆಹಾಕಿ ಬಂದೆ. ಏಳು ತಿಂಗಳ ಪುಟ್ಟಿ ಗಾಢ ನಿದ್ದೆ. ನನಗೆ ಮಾತ್ರ ದಿನಾ ಜಾಗರಣೆ — ಉಸಿರಾಡ್ತಿದಾಳಾ ಅಂತ ಅವಳ ಮೂಗಿನ ಹತ್ತಿರ ಬೆರಳಿಟ್ಟು ನೋಡೋದೇ ಕೆಲಸ.

ಪಕ್ಕದಲ್ಲೇ ಮಾವ ತಮ್ಮ ತೋಪುಪಡೆಯ ಚರಿತ್ರೆ ಹೇಳ್ತಿದಾರೆ, ನಾನು ಟೈಪ್ ಮಾಡ್ತಿದೀನಿ. ತಿಂಗಳ ಕೊನೆಗೆ ಪಡೆಯ ಸ್ಥಾಪನಾ ದಿನ. ಹಳಬರೆಲ್ಲ ಸೇರ್ತಾರೆ. ಚರಿತ್ರೆ ಓದುವ ಗೌರವ ಈ ಸಲ ಮಾವನಿಗೆ. ಹೇಳೋದು ಅಂದ್ರೆ ಹೇಳೋದಲ್ಲ, ಗರ್ಜನೆ. ತೋಪಿನ ಪಕ್ಕ ನಿಂತೂ ನಿಂತೂ ಎರಡು ಕಿವಿಯೂ ಮಂದ.

"ನಮಗೆ ಬಾವುಟ ಇಲ್ಲ ಮಗಳೇ, ಬರ್ಕೋ. ತೋಪೇ ನಮ್ಮ ಬಾವುಟ. ತೋಪು ಬಿಟ್ಟು ಬಂದ್ರೆ ಮಾನ ಬಿಟ್ಟು ಬಂದ ಹಾಗೆ!"

ಕಿಟಕಿಯ ಗಾಜು ಅದುರಿತು. ಪುಟ್ಟಿ ಕದಲಲಿಲ್ಲ.

ಕದಲಲಿಲ್ಲ... ಯಾಕೆ?

ಮಾರ್ಚ್ 3

ಸ್ಟೀಲ್ ತಟ್ಟೆ ಬೀಳಿಸಿದೆ. ಬೇಕಂತಲೇ. ಮಲಗಿದವಳು ಮಲಗೇ ಇದ್ದಳು.

ಬಿಎಸ್ಸಿ ಓದಿದೀನಿ. ತೋಪಿನಿಂದ ಬಂದ ಕಿವುಡು ಮೊಮ್ಮಕ್ಕಳಿಗೆ ಇಳಿಯಲ್ಲ ಅಂತ ಗೊತ್ತು. ಆದರೂ ಗೂಗಲ್ ಮಾಡಿದೆ. ಮಾಡಬಾರದಿತ್ತು.

ಇವರಿಗೆ ಹೇಳಿದರೆ — "ಹೊಟ್ಟೇಲಿದ್ದಾಗಿಂದ ಅಪ್ಪನ ಗಲಾಟೆ ಕೇಳಿ ಅಭ್ಯಾಸ ಆಗಿದೆ ಅವಳಿಗೆ. ತಲೆ ಕೆಡಿಸ್ಕೋಬೇಡ, ಬಿಡೆ."

ಬಿಡು ಅಂತ ಎಲ್ಲರೂ ಹೇಳ್ತಾರೆ. ಹೇಗೆ ಅಂತ ಮಾತ್ರ ಒಬ್ಬರೂ ಹೇಳಿಕೊಡಲ್ಲ.

ಮಾರ್ಚ್ 9, ಮಧ್ಯಾಹ್ನ

ಸೇತುವೆಯ ಅಧ್ಯಾಯ. ಕಾಲಾಳುಗಳೆಲ್ಲ ಹೊಳೆ ದಾಟುವ ತನಕ ಮಾವನ ತಂಡ ಈಚೆ ದಡದಲ್ಲೇ ನಿಂತು ಗುಂಡು ಹಾರಿಸಿತಂತೆ. ಕೊನೆಗೆ ತೋಪುಗಳಿಗೆ ಹಗ್ಗ ಕಟ್ಟಿ, ಕೈಯಲ್ಲೇ ಎಳೆದು ದಾಟಿಸಿದರಂತೆ. ಒಂದನ್ನೂ ಬಿಡಲಿಲ್ಲ. ಅದಕ್ಕೇ 'ಸೇತುವೆ ಬ್ಯಾಟರಿ' ಅನ್ನೋ ಬಿರುದು.

ಇವರು ಇಣುಕಿ ನೋಡಿ, "ಬ್ಯಾಟರಿ ಅಂದ್ರೆ ಟಾರ್ಚಿಗೆ ಹಾಕೋದಾ ಅಪ್ಪಾ?"

"ನಿನ್ನ ತಲೆಗೆ ಹಾಕೋದು! ಆರು ತೋಪು ಸೇರಿದ್ರೆ ಒಂದು ಬ್ಯಾಟರಿ ಕಣೋ, ದಡ್ಡ."

ಇಂಥ ಮಾತು ಮಾತ್ರ ಮಾವನಿಗೆ ಹೇಗೋ ಕೇಳಿಸಿಬಿಡುತ್ತೆ.

ಆಮೇಲೆ ಪುಟ್ಟಿಯನ್ನು ತೊಡೆಮೇಲೆ ಕೂರಿಸಿಕೊಂಡು ತರಬೇತಿ, ದಿನಾ ನಡೆಯೋದೇ. "ಫೈರ್ ಅಂದ್ರೆ ಬಾಯಿ ತೆಗೀಬೇಕು ಪುಟ್ಟೀ. ಆಗ ಕಿವಿ ತಮಟೆ ಉಳಿಯುತ್ತೆ. ಸೇತುವೆ ಹತ್ರ ತಾತ ಹಲ್ಲು ಕಚ್ಕೊಂಡು ನಿಂತ. ಅದಕ್ಕೇ ಈ ಗತಿ. ಹ್ಞೂಂ... ಫೈರ್!"

ಇಬ್ಬರೂ ಬಾಯಿ ತೆಗೆದರು. ಬೊಚ್ಚುಬಾಯಿ ಎರಡು. ಹೊಟ್ಟೆ ಹಿಡಿದು ನಕ್ಕೆ.

ಆಮೇಲೆ ಹೊಳೀತು — ಮುಖ ನೋಡಿ ನಕಲು ಮಾಡಿದ್ದು. ಕೇಳಿ ಅಲ್ಲ.

ಮಾರ್ಚ್ 20

ಕಿವಿ ಡಾಕ್ಟರಮ್ಮ ಗಿಲಕಿ ಆಡಿಸಿದರು, ಗಂಟೆ ಬಾರಿಸಿದರು. ಪುಟ್ಟಿಗೆ ಅವರ ಕನ್ನಡಕದ ಮೇಲೇ ಕಣ್ಣು. ತಿರುಗಲೇ ಇಲ್ಲ.

"ಇವತ್ತೇನೂ ಹೇಳಕ್ಕಾಗಲ್ಲಮ್ಮ. ಮೂವತ್ತಕ್ಕೆ ಬನ್ನಿ, ಮೆಷಿನ್ ಟೆಸ್ಟ್ ಮಾಡೋಣ."

ಮನೆಗೆ ಬಂದಾಗ ಮಾವ, "ಏನಂದ್ರು?"

"ನೆಗಡಿ ಅಂದ್ರು!" ಅಂತ ಕಿರುಚಿದೆ. ಗೊತ್ತಾದರೆ ತಪ್ಪೆಲ್ಲ ತಮ್ಮ ಕಿವಿಯದೇ ಅಂದುಕೊಳ್ತಾರೆ, ಪಾಪ.

ಮಾರ್ಚ್ 28, ಸಂಜೆ

ಮೊದಲು ಇದನ್ನ ಬರೆದೇ ಬಿಡ್ತೀನಿ.

ಹಾಲ್‌ನಲ್ಲಿ ಕೊನೇ ಸಾಲು ಹಿಡಿದೆವು. ಅತ್ತರೆ ಎದ್ದು ಓಡೋಕೆ ಸುಲಭ. ವೇದಿಕೆ ಪಕ್ಕ ಹಳೇ ತೋಪೊಂದು, ಪಾಲಿಶ್ ಹಾಕಿಸಿಕೊಂಡು ಮದುವೆ ಗಂಡಿನ ಹಾಗೆ. ಪುಟ್ಟಿ ನನ್ನ ಹೆಗಲ ಮೇಲೆ, ಮುಖ ಹಿಂದಕ್ಕೆ. ಅವಳೆದುರು ಬರೀ ಗೋಡೆ, ಗೋಡೆಗೆ ಒರಗಿ ಫೋನ್ ನೋಡ್ತಾ ಇವರು.

ಮಾವ ಮೈಕ್ ಬೇಡ ಅಂದರು. ಬೇಕಾಗಲೂ ಇಲ್ಲ. ಹೊಳೆ, ಸೇತುವೆ, ಹಗ್ಗ... ನಾನೇ ಟೈಪ್ ಮಾಡಿದ್ದು, ಆದರೂ ಮೈ ಜುಮ್ಮೆಂದಿತು. "ಕ್ಯಾಪ್ಟನ್ ಕೂಗಿದರು — ಫೈರ್!"

ವೇದಿಕೆ ಮೇಲೆ ಕೂತಿದ್ದ ಮುದುಕರಷ್ಟೂ ಒಟ್ಟಿಗೆ ಬಾಯಿ ತೆಗೆದರು! ಪಕ್ಕದಲ್ಲಿದ್ದ ಹೆಂಡತಿಯರಿಗೆ ನಗು ತಡೆಯಲಾಗಲಿಲ್ಲ.

ಅಷ್ಟರಲ್ಲಿ ಇವರು ಹಿಂದಿನಿಂದ, "ಏ... ಏ! ಪುಟ್ಟೀನೂ ತೆಗೆದಳು ಕಣೆ!"

"ನೀವು ತೆಗೆದ್ರಾ? ನಿಮ್ಮನ್ನ ನೋಡಿ..."

"ನಾನ್ಯಾಕೆ ತೆಗೀಲಿ? ನನಗೇನು ಬಿರುದು ಬಂದಿದೆಯಾ?"

ಅಲ್ಲೇ ಅತ್ತುಬಿಟ್ಟೆ. ಮಾವನ ಓದಿಗೆ ಸೊಸೆ ಕರಗಿ ಹೋದಳು ಅಂತ ಹಾಲ್ ಪೂರ್ತಿ ಚಪ್ಪಾಳೆ.

ಮಾರ್ಚ್ 29, ಬೆಳಿಗ್ಗೆ

ಏಳೋ ಹೊತ್ತಿಗೆ ಬಿಸಿಲು ಮಂಚಕ್ಕೆ ಬಂದಿತ್ತು. ನಾನು! ನಿದ್ದೆ ಮಾಡಿದೀನಿ!

ನಾಳೆ ಡಾಕ್ಟರ ಹತ್ತಿರ ಹೋಗೇ ಹೋಗ್ತೀವಿ. ಆದರೂ ತಡೆಯೋಕಾಗಲಿಲ್ಲ. ಪುಟ್ಟಿ ಚಾಪೆ ಮೇಲೆ ಮಾವನ ಎದುರು ಕೂತಿದ್ದಳು. ಮಾವ ಪೇಪರ್ ಓದ್ತಿದ್ದರು. ಅವಳ ಬೆನ್ನ ಹಿಂದೆ ಕೂತು ಮೆಲ್ಲಗೆ, ಬರೀ ಉಸಿರಲ್ಲಿ, "ಫೈರ್" ಅಂದೆ.

ಮಾವನಿಗೆ ಕೇಳಿಸಲಿಲ್ಲ. ಪೇಪರ್ ಮಡಚುವಾಗ ಮೊಮ್ಮಗಳ ತೆರೆದ ಬಾಯಿ ನೋಡಿದರು. ಗಾಬರಿಯಾಗಿ ತಾವೂ ಬಾಯಿ ತೆಗೆದು, ಸುತ್ತ ತಿರುಗಿ — "ಎಲ್ಲಿ? ಎಲ್ಲಿ ಹಾರಿಸಿದ್ರು?"

ಇನ್ನೊಂದೇ ಒಂದು ಸಲ. ಈ ಸಲ ಅಡುಗೆಮನೆಯಿಂದ, ಬಾಗಿಲು ಹಾಕಿಕೊಂಡು, ಇನ್ನೂ ಮೆಲ್ಲ —