ಗೆರೆಯಲ್ಲಿ ಕಂಡ ಕೈ

ನರಧ್ವಜ ದಾಜು,

ಇವತ್ತು ಜೋಮ್‌ಸೋಮ್ ವಿಮಾನದ ಹಾರಾಟದ ಗ್ರಾಫ್ ನೋಡ್ತಾ ಕೂತಿದ್ದೆ. ನಮ್ಮ ವಿಭಾಗದ ಸಾಹೇಬರು ಚಹಾ ಹಿಡಿದು ಬಂದು, "ಇಷ್ಟು ವೇಗದಲ್ಲಿ ಇಳಿಸಿದ್ದು ಯಾರೇ, ರಮಿಲಾ? ನಿನ್ನ ಕಣ್ಣಿಗೆ ತಪ್ಪೋದುಂಟಾ?" ಅಂದರು.

ನಮ್ಮ ಕೋಣೆಗೆ ಬರುವ ಗ್ರಾಫಿನಲ್ಲಿ ಪೈಲಟ್ ಹೆಸರು ಇರೋದಿಲ್ಲ. ಗೆರೆ ನೋಡಿ ಕೈಯ ಗುರುತು ಹತ್ತಿದರೂ ಬಾಯಿ ಬಿಡಬಾರದು ಅನ್ನೋದು ನಿಯಮ. ಅಣ್ಣನ ಹಾಗೆ ಪಕ್ಕ ಕೂರಿಸಿಕೊಂಡು ಆ ಗೆರೆ ಓದೋದು ಕಲಿಸಿದವರೇ ನೀವು. ದಶೈಂ ಹಬ್ಬಕ್ಕೆ ಮುಂಚೆ ಇವರು ಇನ್ನೊಂದು ಗ್ರಾಫ್ ತೋರಿಸಿ ಹೀಗೇ ಕೇಳಿದಾಗ, "ಇದು ನರಧ್ವಜ ದಾಜು ಕೈ, ಕೊನೇಲಿ ಎರಡು ಸಲ ವಿಮಾನದ ಮೂತಿ ಎತ್ತುತ್ತಾರೆ" ಅಂದುಬಿಟ್ಟೆ. ಎಲ್ಲರೂ ಭೇಷ್ ಅಂದರು. ನಾನು ಬೀಗಿದೆ. ಆ ದಿನದ ಗಾಳಿ ಹೇಗಿತ್ತೆಂದು ನೋಡಲೇ ಇಲ್ಲ. ಅಂಥ ಗಾಳಿಗೆ ನೀವು ವೇಗ ಹೆಚ್ಚಿಟ್ಟದ್ದೇ ಸರಿ ಅಂತ ನನಗೆ ತಿಳಿಯೋ ಹೊತ್ತಿಗೆ ನಿಮ್ಮ ಹಾರಾಟ ನಿಲ್ಲಿಸಿ ಆಗಿತ್ತು.

ನೀವು ಊರಿಗೆ ಹೊರಟ ದಿನ ಫೋನ್ ಮಾಡಿ, ಎಂದಿನಂತೆ ತಂಗಿ ಅಂತಲೇ ಕರೆದು, "ಬಹಿನಿ, ಯಾರೋ ನನ್ನ ಹೆಸರು ಹೇಳಿದ್ದಾರೆ. ನೀನಂತೂ ಅಲ್ಲ ಬಿಡು" ಅಂದಿರಿ. ನಾನು ಹೂಂ ಅಂದೆ.

ಇವತ್ತಿನ ಗೆರೆ ಯಾರದೆಂದೂ ನನಗೆ ಗೊತ್ತಿತ್ತು. "ಗೊತ್ತಿಲ್ಲ ಸರ್" ಅಂದೆ. ಅವರು "ಹೋಗ್ಲಿ ಬಿಡು" ಅಂತ ಚಹಾ ಹೀರುತ್ತಾ ಹೊರಟರು.

ಅಷ್ಟೇ, ದಾಜು. ಅಷ್ಟರಲ್ಲೇ ಮುಗಿದುಹೋಯಿತು. ಅವತ್ತೂ ಇಷ್ಟೇ ಅಂದಿದ್ದರೆ ಸಾಕಿತ್ತು.