ಕಪ್ಪಿನ ಅಳತೆ

ಜೂನ್ 11, ಮಂಗಳವಾರ

ಬೆಳಗ್ಗೆಯೆಲ್ಲ ಪಾಸ್‌ಪೋರ್ಟ್ ಫೋಟೊ. ಎಲ್ಲರದೂ ಒಂದೇ ರಾಗ — ಸ್ವಲ್ಪ ಬೆಳ್ಳಗೆ ಮಾಡಿ ಮೇಡಂ. ಮಾಡಿದೆ.

ಮಧ್ಯಾಹ್ನ ಹುಲಿಕುಂಟೆಯ ಮಧುಶ್ರೀ ಬಂದಳು. ನಾವು ಪ್ರಿಂಟ್ ಹಾಕಿಕೊಟ್ಟಿದ್ದ, ತೀರಿಹೋದ ತಾಯಿ ಓಬಕ್ಕನ ಫೋಟೊ ವಾಪಸ್ ತಂದಿದ್ದಾಳೆ. ಮುಖ ಇರಬೇಕಾದ ಕಡೆ ಬರೀ ಮಸಿ. ಸ್ಕ್ರೀನಿನಲ್ಲಿ ಚೆನ್ನಾಗೇ ಕಂಡಿತ್ತಲ್ಲ?

ಬೇರೆ ಫೋಟೊ ಇಲ್ಲ. ಇವಳ ಮದುವೆಯಲ್ಲಿ ನಮ್ಮವರು, ಇಜಾಜ್, ತೆಗೆದದ್ದು. ವಿಧವೆ ಅಂತ ಓಬಕ್ಕ ಧಾರೆಗೆ ಮುಂದೆ ಬರಲಿಲ್ಲ. ಹಿಂದೆ, ಬಾಗಿಲ ಕತ್ತಲಲ್ಲಿ ನಿಂತಿದ್ದಾಳೆ.

“ಎಲ್ರೂ ಅಕ್ಷತೆ ಹಾಕುದ್ರು ಕಣಕ್ಕ. ನಮ್ಮವ್ವ ಹಾಕ್ಲಿಲ್ಲ. ಅದೊಂದು ಕೊರಗು ಉಳ್ಕೊಂಬುಡ್ತು. ಮಖನಾರ ನೋಡಾನ ಅಂದ್ರೆ ಅದೂ ಇಲ್ಲ.”

“ಬೆಳ್ಳಗೆ ಮಾಡಿಕೊಡ್ತೀನಿ” ಅಂದೆ. ಬಾಯಿಗೆ ಅದೇ ಅಭ್ಯಾಸ.

“ಬ್ಯಾಡ ಕಣಕ್ಕ. ನಮ್ಮವ್ವ ಕಪ್ಗೇ ಇದ್ಲು. ಕಪ್ಗೇ ಕಾಣ್ಲಿ.”

ನಾಚಿಕೆಯಾಯಿತು.

ಜೂನ್ 12

ಇಜಾಜ್ ಪ್ರಿಂಟರಿಗೆ ಬೈಯುತ್ತಿದ್ದಾರೆ. ನನಗೆ ಅನುಮಾನ ಮಾನಿಟರಿನ ಮೇಲೆ. ಡಬ್ಬದ ಮೇಲೆ ಕಾಂಟ್ರಾಸ್ಟ್ ಸಾವಿರ ಅಂತಿದೆ — ಕಪ್ಪಿಗಿಂತ ಬಿಳಿ ಸಾವಿರ ಪಟ್ಟು ಬೆಳಕು. ಯಾರು ಅಳೆದರು? ನಮ್ಮ ಕ್ಯಾಮೆರಾದಲ್ಲೇ ಅಳೆಯಬಹುದು. ಸ್ಕ್ರೀನ್ ಪೂರ್ತಿ ಬಿಳಿ ಮಾಡಿ ಒಂದು ಫೋಟೊ. ಆಮೇಲೆ ಪೂರ್ತಿ ಕಪ್ಪು. ಅದೂ ಅಷ್ಟೇ ಬೆಳ್ಳಗೆ ಬರುವವರೆಗೆ ಎಕ್ಸ್‌ಪೋಷರ್, ಅಂದರೆ ಬೆಳಕು ಒಳಗೆ ಬಿಡುವ ಹೊತ್ತು, ಹೆಚ್ಚಿಸುತ್ತಾ ಹೋಗುವುದು. ಎಷ್ಟು ಪಟ್ಟು ಹೊತ್ತು ಬೇಕಾಯಿತೋ ಅದೇ ಕಾಂಟ್ರಾಸ್ಟ್.

“ಮದ್ವೆ ಕ್ಯಾಮೆರಾದಲ್ಲಿ ಖಾಲಿ ಸ್ಕ್ರೀನ್ ಫೋಟೊ ತೆಗೀತಾಳಂತೆ!” ಇಜಾಜ್‌ಗೆ ನಗು ಬೇರೆ. ನಗಲಿ.

ಜೂನ್ 14, ಶುಕ್ರವಾರ. ಮಧ್ಯಾಹ್ನ

ಇಜಾಜ್ ಜುಮ್ಮಾ ನಮಾಜಿಗೆ ಹೋದರು. ಅಂಗಡಿ ಬಾಗಿಲು ಎಳೆದೆ. ಆದರೂ ಸಂದಿಯಲ್ಲಿ ಬೆಳಕು. ನನ್ನ ಬುರ್ಖಾ ತಂದು ಮಾನಿಟರು, ಕ್ಯಾಮೆರಾ ಎರಡಕ್ಕೂ ಸೇರಿಸಿ ಹೊದಿಸಿದೆ. ಅಳೆದರೆ — ಕಾಂಟ್ರಾಸ್ಟ್ ಬರೀ ಅರವತ್ತು! ಮಾನಿಟರ್ ಮಾರಿದವನಿಗೆ ಫೋನ್ ಮಾಡಿ ಜಗಳವಾಡಿದೆ.

ಅತ್ತೆ, ಮನೆ ಕಡೆಯ ಬಾಗಿಲಿಂದ ಊಟ ತಂದರು. ಮುಸುಕಿನೊಳಗೆ ಇಣುಕಿದರು. “ಅರೆ ಬೇಟಿ, ಒಳಗೆಲ್ಲ ಚುಕ್ಕಿ ಹೊಳೀತೈತಲ್ಲ!”

ಬುರ್ಖಾದ ತುಂಬ ಕಲ್ಲಿನ ಕೆಲಸ. ಆಸೆಪಟ್ಟು ತಂದದ್ದು. ಆ ಮಗ್ಗುಲೇ ಒಳಗೆ ಬಂದಿದೆ; ಅಡಿಯಿಂದ ನುಸುಳಿದ ಬೆಳಕಿಗೆ ಒಂದೊಂದು ಕಲ್ಲೂ ಮಿಂಚಿ ನನ್ನ ಕಪ್ಪನ್ನು ಕೆಡಿಸಿದೆ. ಮತ್ತೆ ಅವನಿಗೆ ಫೋನ್... ಸಾರಿ ಹೇಳಿದೆ.

ಅತ್ತೆ ತಮ್ಮದನ್ನು ಕೊಟ್ಟರು. ಹಳೆಯದು, ಸಾದಾ. “ನಿಮ್ ಮಾವ ಹೋದ್ಮೇಲೆ ಹೊಳೆಯೋದು ಹಾಕ್ಲೇ ಇಲ್ಲ. ನಿನ್ ಕೆಲ್ಸಕ್ಕಾದ್ರೂ ಬಂತಲ್ಲ” ಅಂದರು. ಅದನ್ನೇ ಹೊದಿಸಿ ಮತ್ತೆ ಅಳೆದೆ.

ಬಿಳಿಗೆ ಸೆಕೆಂಡಿನ ಅರವತ್ತನೇ ಒಂದು ಭಾಗ. ಕಪ್ಪಿಗೆ ಮೂರು ಸೆಕೆಂಡ್. ನೂರ ಎಂಬತ್ತು; ಸಾವಿರ ಇನ್ನೂ ದೂರ. ಮಾನಿಟರಿನ ಮೆನು ತೆರೆದರೆ ಬ್ಲ್ಯಾಕ್ ಲೆವೆಲ್ — ಕಪ್ಪನ್ನು ತಿಳಿ ಮಾಡುವ ಸೆಟ್ಟಿಂಗ್ — ತುದಿ ಹತ್ತಿ ಕೂತಿದೆ. ಮುಖಗಳು ಬೆಳ್ಳಗೆ ಕಾಣಲಿ ಅಂತ ಇಜಾಜ್ ಏರಿಸಿದ್ದಂತೆ!

ಜೂನ್ 20, ಗುರುವಾರ

ಬಕ್ರೀದ್ ಗದ್ದಲ. ಇವತ್ತೇ ಕೂತದ್ದು. ಲೆವೆಲ್ ಇಳಿಸಿ ಮತ್ತೆ ಅಳೆದೆ — ಎಂಟುನೂರು. ಸಾಕು. ಈಗ ಓಬಕ್ಕ ಸ್ಕ್ರೀನಿನಲ್ಲೂ ಮಾಯ, ಪ್ರಿಂಟಿನಲ್ಲಿದ್ದ ಹಾಗೇ. ಇಷ್ಟು ದಿನ ಬೂದು ಬಣ್ಣವನ್ನು ಕಪ್ಪು ಅಂದುಕೊಂಡಿದ್ದೆ.

ಫೋಟೊದ ಕತ್ತಲ ಭಾಗಕ್ಕಷ್ಟೇ ನಿಧಾನವಾಗಿ ಬೆಳಕು ಏರಿಸಿದೆ. ಕಪ್ಪು ಕೆನ್ನೆ, ಮೂಗುಬೊಟ್ಟಿಲ್ಲದ ಮೂಗು, ತೇವದ ಕಣ್ಣು. ಬಿಳಿಚಿಕೊಳ್ಳಲಿಲ್ಲ.

ಆಮೇಲೆ ಅವಳ ಕೈ. ಮುಂದಕ್ಕೆ ಚಾಚಿಕೊಂಡಿದೆ, ಬೆರಳು ಬಿಡಿಸಿಕೊಂಡಿದೆ. ಅದರ ಮುಂದೆ ಹಳದಿ ಚುಕ್ಕಿಗಳು. ಧೂಳು ಅಂತ ಒರೆಸಲು ಹೊರಟಿದ್ದೆ... ದೊಡ್ಡದು ಮಾಡಿದೆ. ಅಕ್ಕಿಕಾಳು. ಕತ್ತಲಲ್ಲಿ ನಿಂತೇ ಹಾಕಿದ್ದಾಳೆ. ಅತ್ತುಬಿಟ್ಟೆ.

ಪ್ರಿಂಟ್ ತೆಗೆದೆ. ಕಾಗದದಲ್ಲೂ ಬಂದಿದೆ — ಮುಖ, ಕೈ, ಅಕ್ಷತೆ.

ಮಧುಶ್ರೀ ಫೋನ್ ಮಾಡಿದಳು, ಬಸ್ಸಿಳಿದಳಂತೆ. ನಾನೇ ಹೇಳಲೋ, ಅವಳೇ ನೋಡಲೋ... ಬಂದಳು. ಚಪ್ಪಲಿ ಬಿಡುತ್ತಿದ್ದಾಳೆ. ಫೋಟೊ ಟೇಬಲ್ ಮೇಲೇ ಇದೆ, ಅವಳು—