ಅವ್ವನ ಎಡೆಗೆ ಝುಣಕ ಬೇಡ

ಶಹಾಪುರ
೧೪ ನವೆಂಬರ್ ೨೦೨೪, ಗುರುವಾರ

ಮೈ ಡಿಯರ್ ಮಗಳು ಶಿವಲೀಲಾಳಿಗೆ,

ನಿನ್ನ ಅಪ್ಪ ತಲೆಯ ಮೇಲೆ ಕೈಯಿಟ್ಟು ಹರಸಿ ಬರೆಯುವುದೇನೆಂದರೆ, ನಾನು ಕ್ಷೇಮ. ಸುರಪುರದಲ್ಲಿ ನೀವೆಲ್ಲ ಹೇಗಿದ್ದೀರಿ? ವಾರದಿಂದ ನೀನು ಫೋನು ಮಾಡುತ್ತಿರುವುದು, ನಾನು ಎತ್ತದಿರುವುದು, ಎರಡೂ ನಿಜ. ಸಿಟ್ಟಾಗಬೇಡ. ನಿನ್ನ ಗಂಡ ಫೋನನ್ನು ಸ್ಪೀಕರಿಗೆ ಹಾಕುತ್ತಾನೆ, ನಿಮ್ಮ ಅತ್ತೆ ನಡುವೆ ಕೆಮ್ಮುತ್ತಾರೆ. ಇದು ಹಾಗೆ ಹೇಳುವ ಮಾತಲ್ಲ. ಇಂಗ್ಲಿಷಿನಲ್ಲಾದರೆ ಸುಲಭವಾದೀತೆಂದು ನಿನ್ನೆ ‘ಐ ಬೆಗ್ ಟು ಸ್ಟೇಟ್’ ಎಂದು ಶುರು ಮಾಡಿದೆ. ಬಿ.ಎ. ಎರಡನೇ ವರ್ಷಕ್ಕೆ ಬಿಟ್ಟ ಇಂಗ್ಲಿಷು, ಮುಂದೆ ಹೋಗಲಿಲ್ಲ.

ವಿಷಯ ಇದು. ಇದೇ ೨೫ರ ಸೋಮವಾರ ನಿಮ್ಮವ್ವನ ವರ್ಷದ ಕಾರ್ಯ. ಹೋದವರಿಗೆ ಇಷ್ಟವಾದದ್ದನ್ನೇ ಎಡೆ ಇಡಬೇಕು, ಅವ್ವನಿಗೆ ಝುಣಕವೆಂದರೆ ಜೀವ, ಕಡಲೆ ಹಿಟ್ಟು ನಾನೇ ಬೀಸಿಸಿಕೊಂಡು ತರುತ್ತೇನೆ, ಜೋಳದ ರೊಟ್ಟಿಗೆ ಮಾತ್ರ ಅಲ್ಲಿ ಯಾರಿಗಾದರೂ ಹೇಳಿಡು ಎಂದು ನೀನು ಹೇಳಿದ್ದೆ. ನಾನೂ ಹ್ಞೂಗುಟ್ಟಿದ್ದೆ.

ರೊಟ್ಟಿಗೆ ಹೇಳಲೆಂದು ಪಕ್ಕದ ಮನೆ ಜೈತುನಬೀ ಹತ್ತಿರ ಹೋದೆ. ಇಪ್ಪತ್ತು ವರ್ಷ ನಿಮ್ಮವ್ವನ ಜೊತೆ ಕಟ್ಟೆಯ ಮೇಲೆ ಕೂತು ಮಾತಾಡಿದ ಹೆಂಗಸು. ಝುಣಕದ ಸುದ್ದಿ ಕೇಳಿ, ಕೇರುತ್ತಿದ್ದ ಮೊರದಿಂದ ತಲೆಯೆತ್ತಿದಳು.

“ಝುಣಕಾ? ಶೇಖಮ್ಮಗ? ಆಕಿ ಬಾಯಾಗ ಇಡ್ತಿರಲಿಲ್ರಿ ಅಣ್ಣಾರ. ಕಡ್ಲಿ ಹಿಟ್ಟು ತಿಂದ್ರ ಆಕಿಗಿ ಎದಿ ಉರೀತಿತ್ತು.”

ನಾನು ಜಗಳಕ್ಕೇ ನಿಂತೆ. ಮೂವತ್ತೆಂಟು ವರ್ಷ, ವಾರಕ್ಕೆ ಮೂರು ಸಲ ನಮ್ಮ ಮನೆಯಲ್ಲಿ ಝುಣಕ. ಕಣ್ಣಾರೆ ನೋಡಿದವನು ನಾನು, ಇನ್ನೇನು ಎವಿಡೆನ್ಸ್ ಬೇಕು ಎಂದೆ.

“ಮಾಡೂದು ನೋಡೀರಿ,” ಅಂದಳು. “ತಿನ್ನೂದು ನೋಡೀರೇನು?”

ಮನೆಗೆ ಬಂದು ಕೂತೆ, ಎದ್ದೆ, ಮತ್ತೆ ಕೂತೆ. ಬೆಳ್ಳುಳ್ಳಿ ಜಜ್ಜುವುದು, ಹಸಿಮೆಣಸಿನಕಾಯಿ ಘಾಟಿಗೆ ನಾನು ಕೆಮ್ಮುತ್ತ ಹೊರಗೆ ಹೋಗುವುದು, ಕುದಿಯುವ ನೀರಿಗೆ ಒಂದು ಕೈಯಿಂದ ಹಿಟ್ಟು ಉದುರಿಸುತ್ತ ಇನ್ನೊಂದು ಕೈಯಿಂದ ಗಂಟಾಗದಂತೆ ತಿರುವುವುದು, ಮುಚ್ಚಳ ತೆಗೆದಾಗಿನ ಹಬೆ, ಎಲ್ಲ ಕಣ್ಣ ಮುಂದೆ ಬರುತ್ತದೆ. ಅವಳ ತಾಟು ಮಾತ್ರ ಬರುವುದಿಲ್ಲ. ನಾನು ಉಂಡು, ಕೈ ತೊಳೆದು, ಎಲೆಯಡಿಕೆ ಹಾಕಿಕೊಂಡು ಬಸ್ ಸ್ಟ್ಯಾಂಡಿನ ಡ್ಯೂಟಿಗೆ ನಡೆಯುತ್ತಿದ್ದೆ. ಅವಳು ಉಣ್ಣುತ್ತಿದ್ದುದು ಆಮೇಲೆ, ಅಡಿಗೆಮನೆಯಲ್ಲಿ, ನಿನ್ನ ಜೊತೆ. ಮನೆಯ ರೀತಿಯೇ ಹಾಗಿತ್ತಲ್ಲ.

ತವರಿನವರಿಗಾದರೂ ಗೊತ್ತಿದ್ದೀತೆಂದು ಮರುದಿನ ಬಳಿಚಕ್ರಕ್ಕೆ ಹೊರಟೆ. ಮೂವತ್ತು ವರ್ಷ ಕಂಟ್ರೋಲರ್ ಆಗಿ ಊರಿನವರನ್ನೆಲ್ಲ ಸರಿಯಾದ ಬಸ್ಸಿಗೆ ಹತ್ತಿಸಿದವನು, ಯಾದಗಿರಿಯಲ್ಲಿ ಬೇರೆ ಬಸ್ಸಿನಲ್ಲಿ ಹೋಗಿ ಕೂತಿದ್ದೆ. ಗುರುತಿನ ಕಂಡಕ್ಟರ್ ಇಳಿಸಿದ.

ನಿನ್ನ ಸೋದರಮಾವ ಅಮಾತೆಪ್ಪ ಕುರಿಗಳಿಗೆ ಔಷಧ ಕುಡಿಸುತ್ತಿದ್ದ. ನಿಮ್ಮಕ್ಕನಿಗೆ ಏನು ತಿನ್ನಲು ಇಷ್ಟವಿತ್ತು ಎಂದು ಕೇಳಿದೆ. ಕುರಿಯ ಬಾಯಿ ಬಿಡದೆ ನನ್ನ ಮುಖ ನೋಡಿದ.

“ಹದಿನೇಳು ವರ್ಷ ನಮ್ಮ ಮನ್ಯಾಗ ಇದ್ಲು, ಮೂವತ್ತೆಂಟು ವರ್ಷ ನಿಮ್ಮ ಮನ್ಯಾಗ. ನನ್ನ ಕೇಳಾಕ ಬಂದೀರೇನ್ರಿ ಮಾಮಾ?”

ಅವನ ಹೆಂಡತಿ ನಕ್ಕಳು, ಅವನು ನಗಲಿಲ್ಲ. ಆಮೇಲೆ ಪಾಪ, ಹೊಳೆದದ್ದನ್ನೆಲ್ಲ ಹೇಳಿದ. ಸಣ್ಣವಳಿದ್ದಾಗ ಸಜ್ಜೆ ರೊಟ್ಟಿಗೆ ಬೆಲ್ಲ ಹಚ್ಚಿಕೊಂಡು ತಿನ್ನುತ್ತಿದ್ದಳು ಎಂದ. ಸ್ವಲ್ಪ ಹೊತ್ತಿಗೆ, ಅಲ್ಲ, ಅದು ದೊಡ್ಡಕ್ಕ ಎಂದ. ಈಕೆ ಕೊಟ್ಟದ್ದನ್ನು ತಿಂದು ಎದ್ದುಹೋಗುತ್ತಿದ್ದಳಂತೆ. ಚಹಾ ಕುಡಿದು ತಿರುಗಿ ಬಂದೆ.

ಜೈತುನಬೀಯನ್ನು ಮತ್ತೊಮ್ಮೆ ಕೇಳಿದೆ. ಯಾವುದು ಒಗ್ಗುತ್ತಿರಲಿಲ್ಲ ಎಂಬುದಷ್ಟೇ ಆಕೆಗೆ ಗೊತ್ತು. ಕಟ್ಟೆಯ ಮೇಲೆ ಚಹಾ ಬಿಟ್ಟರೆ ನಿಮ್ಮವ್ವ ಬೇರೇನೂ ಮುಟ್ಟುತ್ತಿರಲಿಲ್ಲವಂತೆ.

ಇನ್ನು ಉಳಿದವಳು ನೀನೊಬ್ಬಳು. ಅವಳು ನಿನ್ನ ತಾಟಿನಿಂದ ಏನು ಎತ್ತಿಕೊಳ್ಳುತ್ತಿದ್ದಳು, ಯಾವ ಪಲ್ಯವಿದ್ದರೆ ಇನ್ನೊಂದು ರೊಟ್ಟಿ ಹಾಕಿಕೊಳ್ಳುತ್ತಿದ್ದಳು, ಕೂತು ನೆನಪು ಮಾಡಿಕೊ. ನೀನೂ ಝುಣಕವೆಂದೇ ಹೇಳಿದ್ದೀಯಲ್ಲ, ಅದೇ ನನಗೆ ಹೆದರಿಕೆ. ಅದು ನೀನು ಕಂಡದ್ದೋ, ನನ್ನ ಬಾಯಿಂದ ಕೇಳಿದ್ದೋ, ವಿಚಾರ ಮಾಡು. ಕಡಲೆ ಹಿಟ್ಟು ತರಬೇಡ. ನೆನಪಾದದ್ದನ್ನು ಮಾಡಿಕೊಂಡು ಬಾ, ಒಂದು ಉಪ್ಪಿನಕಾಯಿ ಹೋಳಾದರೂ ಸರಿ. ಏನೂ ನೆನಪಾಗದಿದ್ದರೆ ಅದನ್ನೂ ಬರೆ. ಸುಳ್ಳು ಎಡೆ ಇಡುವುದು ಬೇಡ.

ಮಕ್ಕಳಿಗೆ ನನ್ನ ಮುದ್ದು, ಅಳಿಯಂದಿರಿಗೆ ಆಶೀರ್ವಾದ. ನೂರು ಕಾಲ ಬಾಳು, ಮಗಳೇ. ಎಲ್ಲರದೂ ಆಗಲಿ ಎಂದು ಕಾಯಬೇಡ, ಬಿಸಿ ಇರುವಾಗಲೇ ಉಣ್ಣು.

ನಿನ್ನ ಅಪ್ಪ,
ಪರಶುರಾಮ

ತಾ.ಕ.: ಅವಳೇ ಕೊನೆಗೆ ಬಾಯಿಬಿಟ್ಟು ಝುಣಕ ಕೇಳಿದಳು ಎಂದು ನಿಮಗೆಲ್ಲ ಹೇಳಿದವನು ನಾನು. ಅವಳು ಕೇಳಿರಲಿಲ್ಲ. ಆಸ್ಪತ್ರೆಯಲ್ಲಿ ಆ ಸಂಜೆ ನರ್ಸಮ್ಮ, ಇನ್ನು ಪಥ್ಯ ಬೇಡ, ಇಷ್ಟವಾದದ್ದು ತಿನ್ನಿಸಿ ಎಂದರು. ಏನು ತರಲಿ ಎಂದು ಕೇಳಿದೆ. “ನಿಮಗ ಗೊತ್ತಿದ್ದದ್ದು ತರ್ರಿ” ಅಂದಳು. ಖಾನಾವಳಿಗೆ ಓಡಿಹೋಗಿ ಝುಣಕ ರೊಟ್ಟಿ ಕಟ್ಟಿಸಿಕೊಂಡು ಬಂದೆ. ನನ್ನ ಕೈಯಿಂದ ಎರಡು ತುತ್ತು ತಿಂದಳು. ಎದೆ ಉರಿಯಿತೋ ಏನೋ, ಹೇಳಲಿಲ್ಲ.